ಲಕೋಟೆಯ ಮೇಲಣ ಅಂಕಿಗಳು

ಕಾಗದವನ್ನು ಬರೆದವನು ಅದರ ಮೇಲೆ ವಿಳಾಸವನ್ನು ಕಾಣಿಸಿ ಅಂಚೆಯ ಪೆಟ್ಟಿಗೆಯಲ್ಲಿ ಹಾಕಿದೊಡನೆ ತನ್ನ ಕೆಲಸವು ಮುಗಿಯಿತೆಂದು ತಿಳಿಯುತ್ತಾನೆ. ಅಂಚೆಯವರ ಕೆಲಸವು ಅಲ್ಲಿಂದ ಮೊದಲಾಗುತ್ತದೆ. ಆ ಕೆಲಸದಲ್ಲಿ ಎರಡು ಭಾಗಗಳುಂಟು. ಕಾಗದವನ್ನು ಊರಿಂದೂರಿಗೆ ಹೊತ್ತು ಸಾಗಿಸುವುದು ಒಂದು. ಯಾವ ಕಾಗದವು ಯಾವ ಚೀಲಕ್ಕೆ, ಯಾವ ಊರಿಗೆ, ಯಾವ ಬೀದಿಗೆ ಸೇರತಕ್ಕದ್ದೆಂದು ನಿರ್ಣಯಿಸಿ ವಿಂಗಡಿಸುವುದು ಇನ್ನೊಂದು. ಓಲೆಕಾರನ ಓಟ, ಕುದುರೆಯ ಅಂಚೆ, ಉಗಿಬಂಡಿ, ವಿಮಾನ ಎಂದು ಸಾಗಣೆಯ ಚರಿತ್ರೆಯನ್ನು ಅನೇಕರು ಸ್ವಾರಸ್ಯವಾಗಿ ಬರೆದಿರುವರು. ವಿಂಗಡಣೆಯ ಚರಿತ್ರೆಯು ಅಷ್ಟಾಗಿ ಕಣ್ಣಿಗೆ ಬೀಳುವಂಥದಲ್ಲ. ಅದು ನಾಲ್ಕು ಗೋಡೆಗಳ ನಡುವೆ, ಬಹುಮಟ್ಟಿಗೆ ರಾತ್ರಿಯ ಹೊತ್ತಿನಲ್ಲಿ, ನಡೆಯತಕ್ಕ ಕೆಲಸ. ಆದರೂ ಕಾಗದಗಳು ಹೆಚ್ಚಿದಂತೆಲ್ಲ ಅಂಚೆಯ ಕಷ್ಟವು ಸಾಗಣೆಯಲ್ಲಿ ಕಡಿಮೆಯಾಗಿ ವಿಂಗಡಣೆಯಲ್ಲಿ ಬಲಿಯುತ್ತ ಬಂದಿತು.

ಈ ಕಷ್ಟಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳವರು ಕಂಡುಕೊಂಡ ಪರಿಹಾರವೆಂದರೆ ವಿಳಾಸದ ಕೊನೆಗೆ ಬರೆಯತಕ್ಕ ಅಂಕಿಗಳು. ಅವು ಮೊದಲು ಒಂದೆರಡಿದ್ದು, ಬಳಿಕ ಐದಾಗಿ, ಒಂಬತ್ತಾಗಿ, ಕೊನೆಗೆ ಹನ್ನೊಂದಾದುವು. ಅವು ಹೀಗೆ ಬೆಳೆದ ಬಗೆಯನ್ನೂ ಆ ಬೆಳವಣಿಗೆಯಿಂದ ಆದ ಲಾಭನಷ್ಟಗಳನ್ನೂ ನೋಡುವುದು ಈ ಲೇಖನದ ಉದ್ದೇಶ. ನಮ್ಮ ದೇಶದ ಅಂಚೆಯ ಇಲಾಖೆಯೂ ೨೦೨೫ರಲ್ಲಿ ಆರು ಅಂಕಿಗಳ ಪಿನ್ ಸಂಖ್ಯೆಯ ಜೊತೆಗೆ ಅದಕ್ಕಿಂತ ಬಹು ಸೂಕ್ಷ್ಮವಾದ ಒಂದು ಗುರುತನ್ನು ಹೊರತಂದಿರುವುದರಿಂದ, ಆ ದಾರಿಯಲ್ಲಿ ಮುಂಚೆ ನಡೆದವರ ಅನುಭವವು ನಮಗೂ ಉಪಯೋಗಕ್ಕೆ ಬರತಕ್ಕದ್ದಾಗಿದೆ.

೧

ಅಂಕಿಗಳಿಲ್ಲದ ಕಾಲದಲ್ಲಿ ವಿಂಗಡಣೆಯು ಗುಮಾಸ್ತನ ನೆನಪಿನ ಮೇಲೆಯೇ ನಿಂತಿದ್ದಿತು. ೧೮೬೪ರ ಆಗಸ್ಟ್ ತಿಂಗಳಲ್ಲಿ ಷಿಕಾಗೋ ನಗರದಿಂದ ಅಯೋವಾ ಸಂಸ್ಥಾನದ ಕ್ಲಿಂಟನ್ನಿಗೆ ಹೋಗುವ ರೈಲಿನಲ್ಲಿ, ಬಂಡಿಯು ಓಡುತ್ತಿರುವಾಗಲೇ ಕಾಗದಗಳನ್ನು ವಿಂಗಡಿಸುವ ಪದ್ಧತಿಯು ಮೊದಲಾಯಿತು. ಮುಂದಿನ ಕಾಲದಲ್ಲಿ ಇದು ದೇಶದ ಉದ್ದಗಲಕ್ಕೂ ಹರಡಿತು. ಬಂಡಿಯ ಕುಲುಕಾಟದಲ್ಲಿ ಸಾಲುಗೂಡುಗಳ ಎದುರಿಗೆ ನಿಂತ ಗುಮಾಸ್ತನು ತನ್ನ ಪಾಲಿಗೆ ಬಂದ ಪ್ರಾಂತಗಳ ಅಂಚೆಮನೆಗಳ ಹೆಸರುಗಳನ್ನೂ, ಒಂದೊಂದು ಊರಿನ ಚೀಲವು ಯಾವ ನಿಲ್ದಾಣದಲ್ಲಿ ಯಾವ ರೈಲಿಗೆ ಬದಲಾಗುವುದೆಂಬುದನ್ನೂ ಬಾಯಿಪಾಠ ಮಾಡಿರಬೇಕಾಗಿದ್ದಿತು. ಊರುಗಳ ಹೆಸರುಗಳನ್ನು ಬರೆದ ಚೀಟಿಗಳನ್ನು ಮನೆಯಲ್ಲಿ ಪುಟ್ಟ ಗೂಡುಗಳಿಗೆ ಹಾಕಿ ಹಾಕಿ ಅವನು ಅಭ್ಯಾಸಮಾಡುವನು. ಇಲಾಖೆಯವರು ಆಗಾಗ ಪರೀಕ್ಷೆಮಾಡುವರು. ನಗರದ ಅಂಚೆಮನೆಯ ಗುಮಾಸ್ತನಿಗೆ ಇಂಥದೇ ವಿದ್ಯೆಯು ಬೀದಿಗಳ ವಿಷಯದಲ್ಲಿ ಬೇಕಾಗಿದ್ದಿತು.

ಈ ವಿದ್ಯೆಯು ಸಾಮಾನ್ಯವಾದುದಲ್ಲ. ಅಕ್ಷರವು ಕೆಟ್ಟಿದ್ದರೂ, ಊರಿನ ಹೆಸರು ಅರ್ಧವೇ ಇದ್ದರೂ, ಬಲ್ಲ ಗುಮಾಸ್ತನು ಕಾಗದವನ್ನು ಸೇರಬೇಕಾದಲ್ಲಿಗೆ ಸೇರಿಸುತ್ತಿದ್ದನು. ಆದರೆ ಇದಕ್ಕೆ ಎರಡು ಕುಂದುಗಳಿದ್ದುವು: ಕಲಿಯುವುದಕ್ಕೆ ವರ್ಷಗಳು ಹಿಡಿಯುತ್ತಿದ್ದುವು; ಕಲಿತವನು ಹೊರಟುಹೋದರೆ ವಿದ್ಯೆಯೂ ಅವನೊಡನೆಯೇ ಹೋಗುತ್ತಿದ್ದಿತು.

ಎರಡನೆಯ ಮಹಾಯುದ್ಧದಲ್ಲಿ ಈ ಎರಡನೆಯ ಕುಂದು ಬಯಲಿಗೆ ಬಂದಿತು. ಅನುಭವಶಾಲಿಗಳಾದ ಗುಮಾಸ್ತರು ಸಾವಿರಗಟ್ಟಲೆಯಾಗಿ ಸೈನ್ಯಕ್ಕೆ ಸೇರಿದರು. ಅವರ ಸ್ಥಾನಕ್ಕೆ ಬಂದ ಹೊಸಬರಿಗೆ ಬೀದಿಗಳ ಪರಿಚಯವಿರಲಿಲ್ಲ. ಆಗ, ೧೯೪೩ರ ಮೇ ೧ರಂದು, ೧೨೪ ದೊಡ್ಡ ಅಂಚೆಮನೆಗಳ ವ್ಯಾಪ್ತಿಯನ್ನು ವಲಯಗಳಾಗಿ ವಿಭಾಗಿಸಿ ಒಂದೊಂದಕ್ಕೂ ಒಂದು ಸಂಖ್ಯೆಯನ್ನು ಕೊಟ್ಟರು. ‘ಮಿನಿಯಾಪೊಲಿಸ್ ೧೬, ಮಿನ್ನೆಸೋಟ’ ಎಂಬಂತೆ ಊರಿನ ಹೆಸರಿನ ಮುಂದೆ ಆ ಸಂಖ್ಯೆಯನ್ನು ಬರೆಯುವ ವಾಡಿಕೆಯಾಯಿತು. ಬೀದಿಯನ್ನು ಅರಿಯದವನೂ ೧೬ ಎಂಬುದನ್ನು ಓದಬಲ್ಲನು. ೧೬ನೆಯ ಗೂಡಿಗೆ ಹಾಕಬಲ್ಲನು. ಗುಮಾಸ್ತನ ತಲೆಯಲ್ಲಿದ್ದ ತಿಳಿವಳಿಕೆಯಲ್ಲಿ ಒಂದಂಶವು ಹೀಗೆ ಲಕೋಟೆಯ ಮೇಲಕ್ಕೆ ಬಂದಿತು. ಮುಂದಿನ ಎಂಬತ್ತು ವರ್ಷಗಳ ಕಥೆಯು ಈ ಒಂದು ಹೆಜ್ಜೆಯ ವಿಸ್ತಾರವೇ ಆಗಿದೆ.

೨

ಯುದ್ಧವು ಮುಗಿದ ಮೇಲೆ ಕಾಗದಗಳ ಪ್ರವಾಹವು ಏರಿತು. ೧೯೪೦ರಲ್ಲಿ ಆ ದೇಶದ ಅಂಚೆಯು ಸಾಗಿಸಿದ ವಸ್ತುಗಳು ಸುಮಾರು ೨,೭೭೫ ಕೋಟಿ; ೧೯೬೦ರಲ್ಲಿ ಸುಮಾರು ೬,೩೬೭ ಕೋಟಿ. ಬ್ಯಾಂಕುಗಳ ಲೆಕ್ಕಪತ್ರ, ವಿಮೆಯ ಕಾಗದ, ಪತ್ರಿಕೆ, ಜಾಹೀರಾತು ಇವುಗಳದೇ ಬಹುಭಾಗ. ೧೯೬೩ರ ವೇಳೆಗೆ ಅಂಚೆಯಲ್ಲಿ ನೂರಕ್ಕೆ ಎಂಬತ್ತು ಪಾಲು ವ್ಯಾಪಾರಕ್ಕೆ ಸಂಬಂಧಪಟ್ಟುದಾಗಿದ್ದಿತು. ಇತ್ತ ರೈಲುಗಳು ಕಡಿಮೆಯಾದುವು. ೧೯೩೦ರಲ್ಲಿ ಅಂಚೆಯನ್ನು ಒಯ್ಯುತ್ತಿದ್ದ ರೈಲುಗಳು ೧೦,೦೦೦ಕ್ಕೂ ಹೆಚ್ಚಾಗಿದ್ದರೆ, ೧೯೬೫ಕ್ಕೆ ಉಳಿದುವು ೧೯೦ ಮಾತ್ರ. ಓಡುವ ಬಂಡಿಯಲ್ಲಿ ಆಗುತ್ತಿದ್ದ ವಿಂಗಡಣೆಯು ನಗರಗಳ ದೊಡ್ಡ ಕಟ್ಟಡಗಳ ಮೇಲೆ ಬಿದ್ದಿತು.

ಫಿಲಡೆಲ್ಫಿಯದ ಅಂಚೆಯ ಅಧಿಕಾರಿಯಾಗಿದ್ದ ರಾಬರ್ಟ್ ಮೂನ್ ಎಂಬವರು ೧೯೪೪ರಲ್ಲಿಯೇ ದೇಶವನ್ನೆಲ್ಲ ಮೂರು ಅಂಕಿಗಳ ಸಂಖ್ಯೆಗಳಿಂದ ಗುರುತಿಸಬಹುದೆಂದು ಸೂಚಿಸಿದ್ದರು. ಆ ಸೂಚನೆಗೆ ಫಲವು ದೊರೆಯಲು ಸುಮಾರು ಇಪ್ಪತ್ತು ವರ್ಷಗಳಾದುವು. ೧೯೬೩ರ ಜುಲೈ ೧ರಂದು ಐದು ಅಂಕಿಗಳ ಸಂಖ್ಯೆಯು ಆಚರಣೆಗೆ ಬಂದಿತು. ‘ವಲಯ ಸುಧಾರಣೆಯ ಯೋಜನೆ’ ಎಂಬರ್ಥದ ಮೂರು ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಜಿಪ್’ ಎಂದು ಹೆಸರಿಟ್ಟರು. ಆ ಭಾಷೆಯಲ್ಲಿ ಈ ಶಬ್ದಕ್ಕೆ ವೇಗದ ಅರ್ಥವೂ ಉಂಟು.

ಅದರ ರಚನೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ೧೨೩೪೫ ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ದೇಶದ ಈಶಾನ್ಯದಲ್ಲಿ ಸೊನ್ನೆಯಿಂದ ತೊಡಗಿ ಪಶ್ಚಿಮದ ಕರಾವಳಿಯಲ್ಲಿ ೯ಕ್ಕೆ ಮುಗಿಯುವ ಹತ್ತು ಮಹಾವಿಭಾಗಗಳಲ್ಲಿ ನ್ಯೂಯಾರ್ಕ್, ಪೆನ್ಸಿಲ್ವೇನಿಯ ಮುಂತಾದುವು ಸೇರಿದ ವಿಭಾಗವನ್ನು ಮೊದಲನೆಯ ೧ ತೋರಿಸುತ್ತದೆ. ಮೊದಲ ಮೂರು ಅಂಕಿಗಳಾದ ೧೨೩, ಆ ವಿಭಾಗದೊಳಗೆ ಸ್ಕೆನೆಕ್ಟಡಿ ಎಂಬ ಊರಿನ ವಿಂಗಡಣೆಯ ಪ್ರದೇಶ. ಉಳಿದ ೪೫, ಅಲ್ಲಿನ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆ. ಕ್ಯಾಲಿಫೋರ್ನಿಯದ ಗುಮಾಸ್ತನಿಗೆ ಮೊದಲ ಒಂದೆರಡು ಅಂಕಿಗಳಿದ್ದರೆ ಸಾಕು. ನ್ಯೂಯಾರ್ಕಿನ ಕೇಂದ್ರದವನಿಗೆ ಮೂರು ಬೇಕು. ಕೊನೆಯ ಎರಡು ಸ್ಕೆನೆಕ್ಟಡಿಯವನಿಗೆ ಮಾತ್ರ. ಕಾಗದವು ತನ್ನ ಗುರಿಗೆ ಸಮೀಪಿಸಿದಂತೆಲ್ಲ ಸಂಖ್ಯೆಯ ಬಲಗಡೆಯ ಅಂಕಿಗಳು ಮಾತನಾಡತೊಡಗುತ್ತವೆ. ಪ್ರತಿಯೊಬ್ಬ ಕೆಲಸಗಾರನಿಗೂ ಬೇಕಾದಷ್ಟೇ ತಿಳಿವಳಿಕೆ, ಅದೂ ಬೇಕಾದ ಕ್ರಮದಲ್ಲಿ, ಒಂದೇ ಸಾಲಿನಲ್ಲಿ ದೊರೆಯುವುದೇ ಈ ರಚನೆಯ ಗುಣ.

ಜನರು ಇದನ್ನು ಒಡನೆಯೇ ಒಪ್ಪಲಿಲ್ಲ. ಮನುಷ್ಯರನ್ನು ಅಂಕಿಗಳನ್ನಾಗಿ ಮಾಡುವರೆಂಬ ಅಸಮಾಧಾನವು ಆ ಕಾಲದಲ್ಲಿ ಹರಡಿದ್ದಿತು. ದೂರವಾಣಿಯ ಸಂಖ್ಯೆಗಳಲ್ಲಿ ಅಕ್ಷರಗಳನ್ನು ಬಿಟ್ಟು ಅಂಕಿಗಳನ್ನೇ ಇಟ್ಟುದಕ್ಕೆ ವಿರೋಧವಾಗಿ ೧೯೬೨ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಒಂದು ಸಂಘವೇ ಹುಟ್ಟಿದ್ದಿತು. ಅಂಚೆಯವರು ‘ಮಿಸ್ಟರ್ ಜಿಪ್’ ಎಂಬ ವಿನೋದದ ಚಿತ್ರವನ್ನು ಎಲ್ಲೆಡೆಯೂ ಅಂಟಿಸಿ, ಹಾಡುಗಳನ್ನು ಹಾಡಿಸಿ ಪ್ರಚಾರಮಾಡಿದರು. ೧೯೬೭ರಲ್ಲಿ, ರಾಶಿರಾಶಿಯಾಗಿ ಪತ್ರಿಕೆ ಜಾಹೀರಾತುಗಳನ್ನು ಕಳುಹಿಸುವವರು ಸಂಖ್ಯೆಯನ್ನು ಬರೆಯಲೇಬೇಕೆಂದು ನಿಯಮವಾಯಿತು.

ಅಂಕಿಗಳನ್ನು ಬರೆದ ಮಾತ್ರಕ್ಕೆ ಸಂಕಟವು ತೀರಲಿಲ್ಲವೆಂಬುದನ್ನು ಷಿಕಾಗೋ ನಗರವು ತೋರಿಸಿಕೊಟ್ಟಿತು. ಅಲ್ಲಿನ ಅಂಚೆಮನೆಯು ಆಗ ಪ್ರಪಂಚದಲ್ಲಿಯೇ ದೊಡ್ಡದು. ೧೯೬೬ರ ಅಕ್ಟೋಬರಿನಲ್ಲಿ ಅಲ್ಲಿ ಒಂದು ಕೋಟಿಗೂ ಹೆಚ್ಚು ಕಾಗದಗಳೂ ಕಟ್ಟುಗಳೂ ಸಿಕ್ಕಿಬಿದ್ದು, ಸುಮಾರು ಮೂರು ವಾರಗಳವರೆಗೆ ಕೆಲಸವು ಸ್ತಂಭಿಸಿತು. ಜಿಪ್ ಸಂಖ್ಯೆಯು ಬಂದು ಆಗಲೇ ಮೂರು ವರ್ಷಗಳು ಕಳೆದಿದ್ದುವು. ಆದರೆ ಅದನ್ನು ಓದತಕ್ಕ ಕಣ್ಣುಗಳೂ ಹಾಕತಕ್ಕ ಕೈಗಳೂ ಹಿಂದಿನವೇ. ಆ ಕಾಲದ ವಿಂಗಡಣೆಯ ಯಂತ್ರದಲ್ಲಿಯೂ ೧೨ ಮಂದಿ ಸಾಲಾಗಿ ಕುಳಿತು, ಕ್ಷಣಕ್ಕೊಂದರಂತೆ ಎದುರಿಗೆ ಬರುವ ಕಾಗದದ ಸಂಖ್ಯೆಯನ್ನು ನೋಡಿ ಕೀಲಿಗಳನ್ನು ಒತ್ತುತ್ತಿದ್ದರು. ಯಂತ್ರವು ಕಾಗದವನ್ನು ೨೭೭ ಗೂಡುಗಳಲ್ಲಿ ಒಂದಕ್ಕೆ ಒಯ್ಯುತ್ತಿದ್ದಿತು. ಮುಂದಿನ ಹಂತದಲ್ಲಿ ಇನ್ನೊಬ್ಬನು ಅದನ್ನೇ ಮತ್ತೆ ಓದಬೇಕಾಗಿದ್ದಿತು. ಷಿಕಾಗೋದ ಈ ವಿಪತ್ತು ಅಂಚೆಯ ಆಡಳಿತವನ್ನೇ ಪುನರ್ವಿಮರ್ಶೆಗೆ ಗುರಿಮಾಡಿತು. ೧೯೭೦ರ ಕಾಯಿದೆಯಂತೆ ೧೯೭೧ರ ಜುಲೈ ೧ರಿಂದ ಹಳೆಯ ಇಲಾಖೆಯು ಹೋಗಿ ಸ್ವತಂತ್ರವಾದ ಅಂಚೆಯ ಸಂಸ್ಥೆಯು ಏರ್ಪಟ್ಟಿತು.

೩

ಹೊಸ ಸಂಸ್ಥೆಯವರು ೧೯೭೮ರಲ್ಲಿ, ಐದು ಅಂಕಿಗಳ ಬಳಿಕ ಒಂದು ಅಡ್ಡಗೀಟನ್ನೆಳೆದು ಇನ್ನೂ ನಾಲ್ಕು ಅಂಕಿಗಳನ್ನು ಸೇರಿಸುವುದಾಗಿ ಪ್ರಕಟಿಸಿದರು. ಐದು ಅಂಕಿಗಳು ಕಾಗದವನ್ನು ವಿಲೇವಾರಿಯ ಅಂಚೆಮನೆಗೆ ತಂದು ಮುಟ್ಟಿಸುತ್ತವೆ. ಆಚೆಗೆ ಯಾವ ಬೀದಿ, ಯಾವ ಅಂಚೆಯವನ ಸುತ್ತು ಎಂಬುದನ್ನು ಅಲ್ಲಿನ ಗುಮಾಸ್ತನೇ ನೆನಪಿನಿಂದ ತಿಳಿಯಬೇಕು. ಆ ಉಳಿದ ನೆನಪನ್ನೂ ಲಕೋಟೆಯ ಮೇಲೆ ಬರೆಯಬೇಕೆಂಬುದು ಹೊಸ ಯೋಜನೆಯ ಸಂಕಲ್ಪ. ನಾಲ್ಕರಲ್ಲಿ ಮೊದಲ ಎರಡು ಅಂಕಿಗಳು ಕೆಲವು ಬೀದಿಗಳ ಗುಂಪನ್ನೋ ಒಂದು ದೊಡ್ಡ ಕಟ್ಟಡವನ್ನೋ ಸೂಚಿಸುವುವು. ಕೊನೆಯ ಎರಡು, ಬೀದಿಯ ಒಂದು ಮಗ್ಗುಲನ್ನು, ಕಟ್ಟಡದ ಒಂದು ಅಂತಸ್ತನ್ನು, ಅಥವಾ ಕಛೇರಿಯ ಒಂದು ವಿಭಾಗವನ್ನು ಸೂಚಿಸುವುವು. ಬೀದಿಯ ಎರಡು ಮಗ್ಗುಲುಗಳಿಗೆ ಎರಡು ಸಂಖ್ಯೆಗಳೇಕೆಂದು ವಾಚಕರು ಕೇಳಬಹುದು. ಅಂಚೆಯವನು ಒಂದು ಮಗ್ಗುಲಿನಲ್ಲಿ ಹೋಗಿ ಇನ್ನೊಂದು ಮಗ್ಗುಲಿನಲ್ಲಿ ಹಿಂದಿರುಗಬಹುದು. ಎದುರುಬದುರಾದ ಎರಡು ಮನೆಗಳ ನಡುವೆ ಅವನ ನಡಿಗೆಯಲ್ಲಿ ಅರ್ಧ ಗಂಟೆಯ ಅಂತರವಿರಬಹುದು. ಈ ಸಂಖ್ಯೆಯು ಭೂಪಟಕ್ಕಿಂತ ಹೆಚ್ಚಾಗಿ ಅಂಚೆಯವನ ಕಾಲ್ನಡಿಗೆಯನ್ನು ಅನುಸರಿಸಿ ಹುಟ್ಟಿದುದು.

ಜನರ ಪ್ರತಿಕ್ರಿಯೆಯು ಉತ್ಸಾಹಕರವಾಗಿರಲಿಲ್ಲ. ಐದನ್ನು ಕಲಿಯುವುದೇ ಕಷ್ಟವಾಗಿದ್ದವರಿಗೆ ಒಂಬತ್ತು ಹೊರೆಯಾಗಿ ಕಂಡಿತು. ಅಲ್ಲಿನ ಶಾಸನಸಭೆಯು ೧೯೮೧ರಲ್ಲಿ ಕಾಯಿದೆಮಾಡಿ, ೧೯೮೩ರ ಅಕ್ಟೋಬರಿನವರೆಗೆ ಅದನ್ನು ಜಾರಿಗೆ ತರಕೂಡದೆಂದು ತಡೆಯಿತು. ಅವಧಿಯು ಕಳೆದ ಮೇಲೆ ಯೋಜನೆಯು ಆರಂಭವಾಯಿತಾದರೂ, ಬರೆಯುವುದೂ ಬಿಡುವುದೂ ಅವರವರ ಇಚ್ಛೆಗೆ ಸೇರಿದುದಾಗಿದ್ದಿತು. ದೊಡ್ಡ ವ್ಯಾಪಾರಿಗಳಿಗೆ ಅಂಚೆಯ ದರದಲ್ಲಿ ಸ್ವಲ್ಪ ವಿನಾಯಿತಿಯನ್ನು ತೋರಿಸಿ ಒಲಿಸಿಕೊಂಡರು. ಮನೆಯಲ್ಲಿ ಕುಳಿತು ಕಾಗದ ಬರೆಯುವವರಿಗೆ ಇಂಥ ಲಾಭವೇನೂ ಇರಲಿಲ್ಲ. ಅವರಲ್ಲಿ ಬಹುಮಂದಿ ಆ ನಾಲ್ಕು ಅಂಕಿಗಳ ಗೋಜಿಗೇ ಹೋಗಲಿಲ್ಲ.

ಹೀಗಿದ್ದೂ ಆ ಯೋಜನೆಯು ಹೇಗೆ ಉಳಿಯಿತೆಂಬುದೇ ಈ ಚರಿತ್ರೆಯಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶ. ಅಕ್ಷರಗಳನ್ನು ಓದುವ ಯಂತ್ರವೊಂದನ್ನು ಅಂಚೆಯವರು ೧೯೬೫ರಲ್ಲಿಯೇ ಡೆಟ್ರಾಯಿಟ್ ನಗರದಲ್ಲಿ ನಿಲ್ಲಿಸಿದ್ದರು. ೧೯೮೨ರಲ್ಲಿ ಲಾಸ್ ಏಂಜಲೀಸಿನಲ್ಲಿ ಸ್ಥಾಪಿತವಾದ ಹೊಸ ಬಗೆಯ ಯಂತ್ರವು ವಿಳಾಸದ ಕೊನೆಯ ಸಾಲನ್ನು ಓದಿ, ಆ ಸಂಖ್ಯೆಯನ್ನು ಲಕೋಟೆಯ ಅಡಿಯಲ್ಲಿ ಉದ್ದ ಗಿಡ್ಡ ಗೀಟುಗಳಾಗಿ ಅಚ್ಚೊತ್ತಿತು. ಒಂದೊಂದು ಅಂಕಿಗೆ ಐದು ಗೀಟುಗಳು. ಅವುಗಳಲ್ಲಿ ಎರಡು ಉದ್ದ, ಮೂರು ಗಿಡ್ಡ. ಯಾವ ಎರಡು ಉದ್ದವೆಂಬುದರಿಂದ ಅಂಕಿಯು ಗೊತ್ತಾಗುತ್ತದೆ. ಒಂಬತ್ತು ಅಂಕಿಗಳ ಬಳಿಕ, ಎಲ್ಲವನ್ನೂ ಕೂಡಿದರೆ ಹತ್ತರಿಂದ ಶೇಷವಿಲ್ಲದೆ ಭಾಗವಾಗುವಂತೆ ಒಂದು ತಾಳೆಯ ಅಂಕಿ. ಹತ್ತು ಅಂಕಿಗಳಿಗೆ ೫೦ ಗೀಟುಗಳು, ಎರಡು ತುದಿಗಳಲ್ಲಿ ಒಂದೊಂದು, ಒಟ್ಟು ೫೨. ಕಾಗದವನ್ನು ಒಮ್ಮೆ ಓದಿದರೆ ಸಾಕು. ಮುಂದಿನ ಹಂತಗಳಲ್ಲೆಲ್ಲ ಅಗ್ಗದ ಯಂತ್ರವು ಗೀಟುಗಳನ್ನೇ ನೋಡಿ ವಿಂಗಡಿಸಬಲ್ಲುದು.

ಅದೇ ದಶಕದ ಉತ್ತರಾರ್ಧದಲ್ಲಿ ವಿಳಾಸದ ಸಾಲುಗಳನ್ನೆಲ್ಲ ಓದುವ ಯಂತ್ರಗಳು ಬಂದುವು. ಬೀದಿಯ ಹೆಸರನ್ನೂ ಮನೆಯ ಸಂಖ್ಯೆಯನ್ನೂ ಓದಿ, ದೇಶದ ವಿಳಾಸಗಳೆಲ್ಲವನ್ನೂ ಒಳಗೊಂಡ ಕೋಶದಲ್ಲಿ ಹುಡುಕಿ, ಬರೆದವನು ಬಿಟ್ಟ ನಾಲ್ಕು ಅಂಕಿಗಳನ್ನು ಅವು ತಾವೇ ಸೇರಿಸತೊಡಗಿದುವು. ಜನರು ಬರೆಯಲೊಲ್ಲದ ಅಂಕಿಗಳನ್ನು ಯಂತ್ರವೇ ಬರೆಯಿತು; ಹೊರೆಯು ಬರೆಯುವವನಿಂದ ತಪ್ಪಿ, ಫಲವು ಮಾತ್ರ ಅವನಿಗೆ ಉಳಿಯಿತು.

೪

ಅಚ್ಚಿನ ವಿಳಾಸಗಳ ಮಟ್ಟಿಗೆ ಇದು ಸುಲಭವಾಯಿತು. ಕೈಬರಹದ ಮುಂದೆ ಯಂತ್ರವು ಸೋತಿತು. ಅಂಥ ಲಕೋಟೆಗಳ ಚಿತ್ರಗಳನ್ನು ತಂತಿಯ ಮೂಲಕ ದೂರದ ಊರುಗಳಿಗೆ ಕಳುಹಿಸಿ, ಅಲ್ಲಿ ಕುಳಿತವರು ನೋಡಿ ಟೈಪುಮಾಡುವ ಏರ್ಪಾಟನ್ನು ೧೯೯೦ರ ದಶಕದಲ್ಲಿ ಮಾಡಿದರು. ಇಂಥ ಕೇಂದ್ರಗಳು ೧೯೯೭ರಲ್ಲಿ ೫೫ ಇದ್ದುವು.

ಈ ಕಷ್ಟದ ಪರಿಹಾರದಲ್ಲಿ ಕನ್ನಡನಾಡಿನಲ್ಲಿ ವಿದ್ಯೆ ಕಲಿತವರೊಬ್ಬರ ಕೈವಾಡವಿದ್ದುದು ನಮಗೆ ಸಂತೋಷದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೦ರಲ್ಲಿ ಎಂಜಿನಿಯರಿಂಗ್ ಪದವಿಯನ್ನು ಪಡೆದು ಅಮೆರಿಕಕ್ಕೆ ಹೋದ ಸರಗೂರು ಶ್ರೀಹರಿಯವರು ಬಫೆಲೋ ವಿಶ್ವವಿದ್ಯಾನಿಲಯದಲ್ಲಿ ಬರಹವನ್ನು ಓದುವ ಯಂತ್ರವಿದ್ಯೆಯ ಕೇಂದ್ರವೊಂದನ್ನು ಸ್ಥಾಪಿಸಿದರು. ಅವರ ತಂಡದವರ ಉಪಾಯವು ಸರಳವಾದುದು. ಕೈಬರಹದ ಬೀದಿಯ ಹೆಸರನ್ನು ನೇರವಾಗಿ ಓದುವುದು ಕಠಿಣ. ಅಂಕಿಗಳನ್ನು ಓದುವುದು ಅದಕ್ಕಿಂತ ಸುಲಭ. ಆದುದರಿಂದ ಯಂತ್ರವು ಮೊದಲು ಜಿಪ್ ಸಂಖ್ಯೆಯನ್ನೂ ಮನೆಯ ಸಂಖ್ಯೆಯನ್ನೂ ಓದುತ್ತದೆ. ಆ ಪ್ರದೇಶದಲ್ಲಿ ಅಂಥ ಮನೆಯ ಸಂಖ್ಯೆಯುಳ್ಳ ಬೀದಿಗಳು ಕೆಲವೇ. ಆ ಕೆಲವು ಹೆಸರುಗಳಲ್ಲಿ ಬರಹಕ್ಕೆ ಯಾವುದು ಹೆಚ್ಚಾಗಿ ಹೋಲುವುದೆಂದು ನೋಡಿದರಾಯಿತು. ಅನುಭವಶಾಲಿಯಾದ ಹಳೆಯ ಗುಮಾಸ್ತನು ಅರ್ಧ ಹೆಸರಿನಿಂದ ಊರನ್ನು ಊಹಿಸುತ್ತಿದ್ದುದೂ ಇದೇ ದಾರಿಯಲ್ಲಿ. ೧೯೯೦ರ ದಶಕದ ಕೊನೆಯ ವರ್ಷಗಳಿಂದ ಇದು ಅಂಚೆಯಲ್ಲಿ ಬಳಕೆಗೆ ಬಂದು, ಟೈಪುಮಾಡುವ ಕೇಂದ್ರಗಳು ಒಂದೊಂದಾಗಿ ಮುಚ್ಚಿದುವು. ೨೦೧೩ರಲ್ಲಿ ವಿಚಿಟಾ ಊರಿನದು ಮುಚ್ಚಿದಾಗ ಉಳಿದುದು ಸಾಲ್ಟ್ ಲೇಕ್ ನಗರದ್ದೊಂದೇ. ಶ್ರೀಹರಿಯವರು ೨೦೨೨ರಲ್ಲಿ ತೀರಿಕೊಂಡರು.

ಒಂಬತ್ತರ ಮುಂದೆ ಇನ್ನೆರಡು ಅಂಕಿಗಳು ೧೯೯೩ರಲ್ಲಿ ಸೇರಿದುವು. ಇವನ್ನು ಯಾರೂ ಬರೆಯಬೇಕಾಗಿಲ್ಲ. ಸಾಮಾನ್ಯವಾಗಿ ಮನೆಯ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನೇ ಯಂತ್ರವು ತೆಗೆದುಕೊಂಡು ಗೀಟುಗಳಲ್ಲಿ ಸೇರಿಸುತ್ತದೆ. ಇದರಿಂದ ಒಂದೊಂದು ಮನೆಗೂ ಬೇರೆ ಬೇರೆ ಗುರುತಾಗಿ, ಕಾಗದಗಳನ್ನು ಅಂಚೆಯವನು ನಡೆಯುವ ಕ್ರಮದಲ್ಲಿಯೇ ಜೋಡಿಸುವುದು ಸಾಧ್ಯವಾಯಿತು. ಆ ಜೋಡಣೆಯ ಮರ್ಮವು ಬಾಲಕರಿಗೂ ಅರ್ಥವಾಗುವಂಥದು. ೨೧, ೧೨, ೨೨, ೧೧ ಎಂಬ ನಾಲ್ಕು ಕಾಗದಗಳಿವೆಯೆನ್ನೋಣ. ಮೊದಲ ಸಲ ಕೊನೆಯ ಅಂಕಿಯನ್ನು ಮಾತ್ರ ನೋಡಿ ಎರಡು ಗೂಡುಗಳಿಗೆ ಹಾಕಿದರೆ, ಒಂದರಲ್ಲಿ ೨೧, ೧೧. ಇನ್ನೊಂದರಲ್ಲಿ ೧೨, ೨೨. ಅವನ್ನು ಅದೇ ಕ್ರಮದಲ್ಲಿ ಕೂಡಿಸಿ, ಎರಡನೆಯ ಸಲ ಮೊದಲ ಅಂಕಿಯನ್ನು ನೋಡಿ ಹಾಕಿದರೆ, ಒಂದರಲ್ಲಿ ೧೧, ೧೨. ಇನ್ನೊಂದರಲ್ಲಿ ೨೧, ೨೨. ಎರಡೇ ಸುತ್ತಿನಲ್ಲಿ ಎಲ್ಲವೂ ಸಾಲಾಗಿ ನಿಂತುವು. ಇಂಥ ಎರಡು ಸುತ್ತುಗಳಲ್ಲಿ ಯಂತ್ರವು ಸಾವಿರಾರು ಮನೆಗಳ ಕಾಗದಗಳನ್ನು ಸಾಲುಗೊಳಿಸುತ್ತದೆ. ಬೆಳಗಿನಲ್ಲಿ ಗಂಟೆಗಟ್ಟಲೆ ಗೂಡುಗಳೆದುರು ನಿಂತು ತನ್ನ ಸುತ್ತಿನ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದ ಅಂಚೆಯವನಿಗೆ ಆ ಹೊತ್ತು ಉಳಿಯಿತು. ಅದಕ್ಕೆ ಪ್ರತಿಯಾಗಿ ಅವನು ತಿರುಗಬೇಕಾದ ದಾರಿಯು ಬೆಳೆಯಿತು.

೫

ಈ ವ್ಯವಸ್ಥೆಯ ಬಲದಿಂದಲೇ ಆ ದೇಶದ ಅಂಚೆಯು ೨೦೦೬ರಲ್ಲಿ ಸುಮಾರು ೨೧,೩೦೦ ಕೋಟಿ ವಸ್ತುಗಳನ್ನು ಸಾಗಿಸಬಲ್ಲುದಾಯಿತು. ಆಮೇಲೆ ಮಿಂಚಂಚೆಯ ದೆಸೆಯಿಂದ ಆ ಸಂಖ್ಯೆಯು ಬಹಳವಾಗಿ ಇಳಿದಿದೆ. ಲಾಭವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಖ್ಯೆಯ ಮಿತಿಗಳನ್ನೂ ಅರಿಯಬೇಕು.

ಸಂಖ್ಯೆಯು ಹೇಳುವುದು ಸ್ಥಳವನ್ನು; ಮನುಷ್ಯನನ್ನಲ್ಲ. ಮೇಲೆ ಹೇಳಿದ ೧೨೩೪೫ ಎಂಬುದು ಎಣಿಕೆಯ ಮೊದಲ ಐದು ಅಂಕಿಗಳಾದುದರಿಂದ, ಕ್ರಿಸ್ಮಸ್ ಹಬ್ಬದ ಕಾಲದಲ್ಲಿ ಸಾಂಟಾಕ್ಲಾಸ್ ತಾತನಿಗೆ ಕಾಗದ ಬರೆಯುವ ಮಕ್ಕಳಲ್ಲಿ ಕೆಲವರು ಅದನ್ನೇ ಬರೆದುಬಿಡುವರು. ಆ ಕಾಗದಗಳು ಕಾರ್ಖಾನೆಗೆ ಹೋಗಿ ಮುಟ್ಟುತ್ತಿದ್ದುವು. ಅಲ್ಲಿನ ಕೆಲಸಗಾರರು ತಾವಾಗಿಯೇ ಕುಳಿತು ಆ ಮಕ್ಕಳಿಗೆ ಉತ್ತರ ಬರೆದುದುಂಟು. ಸಂಖ್ಯೆಯು ತನ್ನ ಕೆಲಸವನ್ನು ತಪ್ಪದೆ ಮಾಡಿತು. ಮಗುವಿನ ಇಷ್ಟವನ್ನು ಅರಿತವರು ಮನುಷ್ಯರು.

ಎರಡನೆಯದು ಇನ್ನೂ ಗಂಭೀರವಾದುದು. ಬೀದಿಗೆ ಹೆಸರೂ ಮನೆಗೆ ಸಂಖ್ಯೆಯೂ ಇದ್ದಲ್ಲಿ ಮಾತ್ರ ಒಂಬತ್ತು ಹನ್ನೊಂದು ಅಂಕಿಗಳು ಬೆಳೆಯುವುವು. ಆ ದೇಶದ ನೈರುತ್ಯದಲ್ಲಿ ನವಾಹೊ ಎಂಬ ಮೂಲನಿವಾಸಿಗಳ ನಾಡಿನಲ್ಲಿ ಇಂದಿಗೂ ಎಷ್ಟೋ ಮನೆಗಳಿಗೆ ಬೀದಿಯ ವಿಳಾಸವಿಲ್ಲ. ಅವರು ಬಹು ದೂರದ ಅಂಚೆಮನೆಗೆ ಹೋಗಿ, ಕೆಲವೊಮ್ಮೆ ಅನೇಕ ಸಂಸಾರಗಳಿಗೆ ಸೇರಿ ಒಂದೇ ಆಗಿರುವ ಪೆಟ್ಟಿಗೆಯಿಂದ ಕಾಗದಗಳನ್ನು ತರಬೇಕಾಗುತ್ತದೆ. ಮತದಾನದ ಪತ್ರವೂ ಸರಕಾರದ ನೋಟೀಸೂ ಅವರಿಗೆ ಅಷ್ಟೇ ದೂರ. ವಿಳಾಸವುಳ್ಳವರ ಕಾಗದಗಳು ವೇಗವಾಗಿ ಓಡಿದಷ್ಟೂ, ವಿಳಾಸವಿಲ್ಲದವರು ಹಿಂದೆ ಬಿದ್ದುದು ಹೆಚ್ಚಾಗಿ ಕಾಣುತ್ತದೆ.

೬

ಈಗ ನಮ್ಮ ದೇಶದ ಕಡೆಗೆ ನೋಡೋಣ. ಮೈಸೂರು ಸಂಸ್ಥಾನದ ಅಂಚೆಯು ೧೮೮೯ರಲ್ಲಿ ಭಾರತದ ಅಂಚೆಯಲ್ಲಿ ಲೀನವಾದ ಮೇಲೆ ನಮ್ಮ ಕಾಗದಗಳೂ ದೇಶದ ದೊಡ್ಡ ಪ್ರವಾಹಕ್ಕೆ ಸೇರಿದುವು. ಹೊಸಹಳ್ಳಿ, ರಾಮಪುರ ಎಂಬ ಊರುಗಳು ಒಂದೊಂದು ಸೀಮೆಯಲ್ಲಿಯೂ ಇರುವ ದೇಶವಿದು. ಅದರ ಮೇಲೆ ಲಿಪಿಗಳು ಹಲವು. ಈ ತೊಡಕಿಗೆ ಪರಿಹಾರವಾಗಿ, ಸಂಸ್ಕೃತ ಕವಿಗಳೂ ಕೇಂದ್ರ ಸರಕಾರದ ಸಂಪರ್ಕ ಶಾಖೆಯ ಅಧಿಕಾರಿಗಳೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು ಯೋಜಿಸಿದ ಆರು ಅಂಕಿಗಳ ಪಿನ್ ಸಂಖ್ಯೆಯು ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದಿತು. ಕರ್ನಾಟಕದ ಸಂಖ್ಯೆಗಳು ೫೬ರಿಂದ ೫೯ರವರೆಗೆ ಮೊದಲಾಗುತ್ತವೆ: ಬೆಂಗಳೂರಿಗೆ ೫೬, ಮೈಸೂರು ಮಂಗಳೂರುಗಳಿಗೆ ೫೭, ಧಾರವಾಡ ಕಲಬುರಗಿಗಳಿಗೆ ೫೮, ಬೆಳಗಾವಿಗೆ ೫೯. ಮೊದಲ ಮೂರು ಅಂಕಿಗಳು ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ವಿಲೇವಾರಿಯ ಅಂಚೆಮನೆಯನ್ನೂ ಹೇಳುತ್ತವೆ. ಅದರಾಚೆಗಿನ ದಾರಿಯನ್ನು ಬಲ್ಲವನು ನಮ್ಮ ಅಂಚೆಯವನೇ. ‘ಅಶ್ವತ್ಥಕಟ್ಟೆಯ ಹಿಂದೆ’, ‘ಗಿರಣಿಯ ಎದುರಿಗೆ’ ಎಂಬ ವಿಳಾಸಗಳೂ ಅವನ ಕೈಯಲ್ಲಿ ಸಾರ್ಥಕವಾಗುತ್ತವೆ.

೨೦೨೫ರ ಮೇ ತಿಂಗಳಲ್ಲಿ ಹೊರಬಂದ ‘ಡಿಜಿಪಿನ್’ ಎಂಬ ಗುರುತು ಈ ಕೊನೆಯ ದಾರಿಯನ್ನು ಕುರಿತದ್ದು. ದೇಶವನ್ನು ೧೬ ಚೌಕಗಳಾಗಿ ಭಾಗಿಸಿ, ಒಂದೊಂದನ್ನು ಮತ್ತೆ ೧೬ ಮಾಡಿ, ಹೀಗೆ ಹತ್ತು ಸಲ ಭಾಗಿಸಿದರೆ ಸುಮಾರು ನಾಲ್ಕು ಮೀಟರು ಅಗಲದ ಚೌಕವು ಉಳಿಯುತ್ತದೆ. ಸಲಕ್ಕೊಂದರಂತೆ ಅಂಕಿಯೋ ಅಕ್ಷರವೋ ಸೇರಿ ಹತ್ತಾಗುತ್ತವೆ. ಪಿನ್ ಸಂಖ್ಯೆಯು ಮೊದಲಿನಂತೆಯೇ ಇರುತ್ತದೆ. ಬೀದಿಯ ಹೆಸರಿಲ್ಲದ ಗುಡಿಸಲಿಗೂ ಅರಮನೆಗೆ ಇರುವಂಥದೇ ಗುರುತು ದೊರೆಯುವುದು ಇದರ ದೊಡ್ಡ ಗುಣ. ನವಾಹೊ ಜನರಿಗೆ ದೊರೆಯದಿದ್ದುದು ಇದು. ಆದರೆ ಎತ್ತರದ ಕಟ್ಟಡದಲ್ಲಿ ಒಂದರ ಮೇಲೊಂದಾಗಿರುವ ಮನೆಗಳಿಗೆಲ್ಲ ಗುರುತು ಒಂದೇ. ಅಮೆರಿಕದ ನಾಲ್ಕು ಅಂಕಿಗಳು ಅಂಚೆಯವನ ನಡಿಗೆಯಿಂದ ಹುಟ್ಟಿದುವು. ಈ ಹತ್ತು ಭೂಗೋಲದ ರೇಖೆಗಳಿಂದ ಹುಟ್ಟಿದುವು. ನಡುವೆ ಹಳ್ಳವಿದೆಯೇ, ಸೇತುವೆ ಎಲ್ಲಿ, ಯಾವ ಮನೆಯನ್ನು ಮೊದಲು ಮುಟ್ಟಬೇಕು ಎಂಬುದು ರೇಖೆಗಳಿಗೆ ತಿಳಿಯದು. ಅದನ್ನು ಬಲ್ಲ ಅಂಚೆಯವರ ತಿಳಿವಳಿಕೆಯನ್ನು ಕೇಳಿ ಬರೆದುಕೊಂಡು ಗುರುತಿನ ಜೊತೆಗೆ ಸೇರಿಸಿದರೆ ಮಾತ್ರ ಅದು ಪೂರ್ಣವಾದೀತು.

ಅಮೆರಿಕದ ಚರಿತ್ರೆಯಿಂದ ನಾವು ಕಲಿಯತಕ್ಕದ್ದು ಇಷ್ಟು. ಉದ್ದವಾದ ಸಂಖ್ಯೆಯನ್ನು ನೆನಪಿಡುವ ಹೊರೆಯನ್ನು ಬರೆಯುವವರ ಮೇಲೆ ಹೇರಬಾರದು. ಅದು ಯಂತ್ರಕ್ಕೆ ತಕ್ಕ ಕೆಲಸ. ಸಂಖ್ಯೆಯು ಬಂದಿತೆಂದು ಹೆಸರನ್ನೂ ಬೀದಿಯನ್ನೂ ಬಿಡಬಾರದು. ಒಂದು ತಪ್ಪಿದಾಗ ಇನ್ನೊಂದು ಸಾಕ್ಷಿ ಹೇಳುತ್ತದೆ. ಕಾಗದದ ಮೇಲೆ ಊರನ್ನೂ ಹೆಸರನ್ನೂ ಸ್ಫುಟವಾಗಿ ಬರೆದು, ಪಿನ್ ಸಂಖ್ಯೆಯ ಆರು ಅಂಕಿಗಳನ್ನು ತಪ್ಪಿಲ್ಲದೆ ಕಾಣಿಸುವುದು ನಮ್ಮ ಪಾಲಿನ ಕರ್ತವ್ಯ. ಮಿಕ್ಕ ಅಂಕಿಗಳೆಷ್ಟೇ ಇರಲಿ, ಅವನ್ನು ಕಂಡುಕೊಂಡು ಕಾಗದವನ್ನು ಬಾಗಿಲಿಗೆ ಮುಟ್ಟಿಸುವುದು ಅಂಚೆಯವರದು.